ಬಿಚ್ಚದ ತಿರುಪು

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ:

“ಗುರುಗಳೇ, ಊರಿನಲ್ಲಿ ಒಬ್ಬ ಅಜ್ಜಿ ನಲವತ್ತು ವರ್ಷದಿಂದ ಬಾವಿ ಪಕ್ಕದ ಕಲ್ಲೊಂದಕ್ಕೆ ನೀರೆರೆದು ಕೈಮುಗಿಯುತ್ತಿದ್ದಳು. ಇದು ದೇವರಲ್ಲ ಅಜ್ಜಿ, ಬರೀ ಕಲ್ಲು ಎಂದು ನಿನ್ನೆ ನಾನು ಹೇಳಿದೆ. ನೀವು ಕಲಿಸಿದ ಮಾತಿಗೆ ಹೋಲಿಸಿ ನೋಡಿಯೇ ಹೇಳಿದ್ದು. ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ ಕಲ್ಲು ಒಣಗಿತ್ತು. ನಾನು ಮಾಡಿದ್ದು ಸರಿಯೇ?”

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಕೊಡಗಿನ ಕಡೆ ಒಬ್ಬ ನೋಟಗಾರನಿದ್ದ. ಹಳೆಯ ಕೋವಿಗಳನ್ನು ನೋಡಿ ಇದು ಅಸಲಿ, ಇದು ನಕಲಿ ಎಂದು ಹೇಳುವುದು ಅವನ ಕಸುಬು. ಅದರಲ್ಲೂ ಲಿವರ್ ಕೋವಿ ಎಂದರೆ ಅವನಿಗೆ ಪ್ರಾಣ. ಆ ಕೋವಿಯ ಟ್ರಿಗರಿನ ಕೆಳಗೆ ಉಂಗುರದಂಥ ಒಂದು ಹಿಡಿ ಇರುತ್ತದೆ. ಅದನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆದರೆ ಹೊಸ ಗುಂಡು ನಳಿಗೆಗೆ ಬಂದು ಕೂರುತ್ತದೆ. ಬಿಳಿಯ ದೊರೆಗಳು ಕಾಫಿ ತೋಟ ಮಾಡುತ್ತಿದ್ದ ಕಾಲದಲ್ಲಿ ಅಂಥ ಕೆಲವು ಕೋವಿಗಳು ಹಡಗಿನಲ್ಲಿ ಬಂದವು. ದೊರೆಗಳು ಹೋದರು, ಕೋವಿಗಳು ಉಳಿದವು. ಹಳೆಯದಕ್ಕೆ ಬೆಲೆ ಬಂದ ಮೇಲೆ ನಕಲಿಗಳೂ ಹುಟ್ಟಿದವು. ಕೈ ಚಳಕದ ಕಮ್ಮಾರ ಯಾವ ಊರಿನಲ್ಲಿಲ್ಲ ಹೇಳು?

ನೋಟಗಾರನ ಮನೆಯ ಗೋಡೆಯ ಮೇಲೆ ಇಪ್ಪತ್ತಮೂರು ಕೋವಿಗಳಿದ್ದವು. ಎಲ್ಲವೂ ಅವನೇ ಹುಡುಕಿ ತಂದು ಕೂಡಿಟ್ಟವು, ಒಂದನ್ನು ಬಿಟ್ಟು. ನಟ್ಟನಡುವೆ ಇದ್ದ ಆ ಒಂದು, ಅವನಿಗೆ ವಿದ್ಯೆ ಕಲಿಸಿದ ಹಿರಿಯ ನೋಟಗಾರ ಕೊಟ್ಟದ್ದು. ಹಾಸಿಗೆ ಹಿಡಿದ ಹಿರಿಯ ಅದನ್ನು ಇವನ ತೊಡೆಯ ಮೇಲಿಟ್ಟು, “ಇದು ಅಸಲಿ. ಉಳಿದದ್ದನ್ನೆಲ್ಲ ಇದಕ್ಕೆ ಹೋಲಿಸಿ ನೋಡು. ಇದರ ತಿರುಪು ಮಾತ್ರ ಬಿಚ್ಚಬೇಡ” ಎಂದಿದ್ದ.

ಆ ಕೊನೆಯ ಮಾತು ಇವನಿಗೆ ವಿಚಿತ್ರ ಅನಿಸಲಿಲ್ಲ. ಹಳೆಯ ಕೋವಿ ಕೂಡಿಡುವವರಲ್ಲಿ ಅದು ಮೊದಲ ಪಾಠ. ತಿರುಪಿನ ತಲೆಯ ಮೇಲೆ ಒಂದು ಗೀರು ಕಂಡರೂ ಯಾರೋ ಒಳಗೆ ಕೈ ಹಾಕಿದ್ದಾರೆ ಎಂದರ್ಥ. ಕೈ ಹಾಕಿದವರು ಏನು ಬದಲಿಸಿದರೋ ಯಾರಿಗೆ ಗೊತ್ತು? ತಯಾರಾದ ದಿನ ಬಿಗಿದ ತಿರುಪು ಹಾಗೆಯೇ ಇದ್ದರೆ ಅದೇ ಕೋವಿಯ ಮರ್ಯಾದೆ. ತುಕ್ಕು ಉಜ್ಜಿ, ಎಣ್ಣೆ ಹಾಕಲೆಂದು ತಿರುಪು ಬಿಚ್ಚಿ, ಫಳಫಳ ಮಾಡಿ ತಂದವರನ್ನು ನೋಟಗಾರ ಬೈಯದೆ ಕಳಿಸುತ್ತಿರಲಿಲ್ಲ. ಹೆಣಕ್ಕೆ ಪೌಡರ್ ಹಚ್ಚಿದ್ದೀರಿ ಎನ್ನುತ್ತಿದ್ದ.

ಅವನು ನೋಡುವ ಕ್ರಮ ಹೀಗೆ. ಮೊದಲು ಕಂಬಳಿ ಹಾಸುತ್ತಿದ್ದ. ಬಂದ ಕೋವಿಯನ್ನು ಒಂದು ಕಡೆ, ಹಿರಿಯ ಕೊಟ್ಟ ಕೋವಿಯನ್ನು ಇನ್ನೊಂದು ಕಡೆ ಮಲಗಿಸುತ್ತಿದ್ದ. ಕೋವಿಯ ಮರ ಕೈಯಾಡಿ ಸವೆದ ಜಾಗ ನೋಡುತ್ತಿದ್ದ. ಕಬ್ಬಿಣದ ಬಣ್ಣ ನೋಡುತ್ತಿದ್ದ. ಕೊನೆಗೆ ನಳಿಗೆಯ ಬುಡದಲ್ಲಿ ಒತ್ತಿದ ಸಣ್ಣ ಹೂವಿನ ಮುದ್ರೆಯ ಮೇಲೆ ಭೂತಗನ್ನಡಿ ಹಿಡಿದು ಎಸಳು ಎಣಿಸುತ್ತಿದ್ದ. ಹಿರಿಯನ ಕೋವಿಯ ಹೂವಿಗೆ ಎಂಟು ಎಸಳು. ಎಂಟಿದ್ದರೆ ಅಸಲಿ. ಹೆಚ್ಚು ಕಡಿಮೆ ಆದರೆ ನಕಲಿ. ಮೂವತ್ತೊಂದು ವರ್ಷ ಹೀಗೆಯೇ ಹೇಳಿದ. ಅವನ ಮಾತಿಗೆ ಯಾರೂ ಎದುರಾಡಲಿಲ್ಲ. ಅವನು ಹೂಂ ಎಂದ ಕೋವಿ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಿತ್ತು. ಉಹೂಂ ಎಂದದ್ದು ಅಟ್ಟಕ್ಕೋ ಹೊಳೆಗೋ ಹೋಗುತ್ತಿತ್ತು.

ಒಂದು ದಿನ ಪೂಣಚ್ಚ ಎಂಬ ಮುದುಕ ಬಂದ. ಬಟ್ಟೆಯಲ್ಲಿ ಸುತ್ತಿದ ಲಿವರ್ ಕೋವಿಯನ್ನು ಮಗುವನ್ನು ಇಳಿಸುವ ಹಾಗೆ ಇಳಿಸಿದ. ಅವನ ಅಜ್ಜ ಮನುಷ್ಯರನ್ನು ತಿನ್ನುತ್ತಿದ್ದ ಹುಲಿಯೊಂದನ್ನು ಹೊಡೆದನಂತೆ, ತೋಟದ ದೊರೆ ಮೆಚ್ಚಿ ತನ್ನ ಕೈಯ ಕೋವಿಯನ್ನೇ ಕೊಟ್ಟನಂತೆ. ಅವನ ದಾಯಾದಿಗಳು ಮಾತ್ರ ಈ ಕತೆಗೆ ನಗುತ್ತಿದ್ದರು. ಹುಲಿಯೂ ಇಲ್ಲ, ದೊರೆಯೂ ಇಲ್ಲ, ಎಲ್ಲಿಂದಲೋ ತಂದು ಕತೆ ಕಟ್ಟಿದ್ದಾನೆ ಎನ್ನುತ್ತಿದ್ದರು. ಪೂಣಚ್ಚನಿಗೆ ಅಜ್ಜನ ಹೆಸರು ಉಳಿಯಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ನೋಟಗಾರ ನೋಡಿದ. ಮರ ಸರಿಯಾಗಿತ್ತು. ಬಣ್ಣ ಸರಿಯಾಗಿತ್ತು. ತಿರುಪಿಗೆ ಒಂದು ಗೀರೂ ಇರಲಿಲ್ಲ. ಇಷ್ಟು ಒಳ್ಳೆಯ ಕೋವಿಯನ್ನು ಅವನು ಬಹಳ ಕಾಲದಿಂದ ನೋಡಿರಲಿಲ್ಲ. ಭೂತಗನ್ನಡಿ ಹಿಡಿದು ಹೂವಿನ ಎಸಳು ಎಣಿಸಿದ. ಏಳಿದ್ದವು. ಮತ್ತೆ ಎಣಿಸಿದ. ಏಳೇ ಇದ್ದವು. ಒಂದು ಕ್ಷಣ ಅವನ ಮನಸ್ಸು ಹಿಂದೆ ಮುಂದೆ ನೋಡಿತು. ಪಕ್ಕದಲ್ಲಿ ಮಲಗಿದ್ದ ಹಿರಿಯನ ಕೋವಿಯ ಕಡೆ ಕಣ್ಣು ಹಾಯಿಸಿದ, ಧೈರ್ಯ ಬಂತು.

“ನಕಲಿ” ಎಂದ.

ಪೂಣಚ್ಚ ಕೇಳಿದ: “ಹಾಗಾದ್ರೆ ನಮ್ಮಜ್ಜ ಸುಳ್ಳು ಹೇಳಿದ್ರಾ?”

“ನಿಮ್ಮಜ್ಜನ ವಿಷಯ ನನಗೆ ಗೊತ್ತಿಲ್ಲ. ಕೋವಿ ಸುಳ್ಳು ಹೇಳ್ತಿದೆ.”

ಎಷ್ಟು ಚೆನ್ನಾಗಿ ಹೇಳಿದೆ ಎಂದು ನೋಟಗಾರನಿಗೆ ಆಗ ಅನಿಸಿತಂತೆ. ಚೆನ್ನಾಗಿ ಬಂದ ಮಾತಿನ ಬಗ್ಗೆ ಹುಷಾರಾಗಿರಬೇಕು. ಪೂಣಚ್ಚ ಕೋವಿಯನ್ನು ಬಟ್ಟೆಯಲ್ಲಿ ಸುತ್ತದೆ, ಬರಿಗೈಯಲ್ಲಿ ಹಿಡಿದುಕೊಂಡು ಹೋದ.

ಎರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ನೋಟಗಾರ ಗೋಡೆ ಒರೆಸುತ್ತಿದ್ದಾಗ ಹಿರಿಯನ ಕೋವಿಯ ಕೆಳಗೆ ನೆಲದ ಮೇಲೆ ಒಂದು ಚಿಟಿಕೆ ಮಣ್ಣು ಕಂಡಿತು. ಒರೆಸಿದ. ಮರುದಿನ ಮತ್ತೆ ಅಷ್ಟೇ ಮಣ್ಣು. ಮರಕ್ಕೆ ಗೆದ್ದಲು ಹತ್ತಿತ್ತು. ಒಳಗೆ ಔಷಧಿ ಹಾಕದಿದ್ದರೆ ಕೋವಿ ಉಳಿಯುವುದಿಲ್ಲ. ಔಷಧಿ ಹಾಕಬೇಕಾದರೆ ತಿರುಪು ಬಿಚ್ಚಬೇಕು. ಮೂರು ದಿನ ಊಟ ಸೇರದೆ ಕೂತ. ನಾಲ್ಕನೆಯ ದಿನ ತಿರುಪುಳಿ ತಂದ.

ತಿರುಪಿಗೆ ಗೀರು ಬೀಳದಂತೆ ಬಿಚ್ಚುವ ಒಂದು ಉಪಾಯವನ್ನು ಹಿರಿಯ ಇವನಿಗೆ ಕಲಿಸಿದ್ದ. ತಿರುಪುಳಿಯ ತುದಿಗೆ ತೆಳುವಾದ ಬಟ್ಟೆ ಸುತ್ತಿ, ಉಸಿರು ಬಿಗಿಹಿಡಿದು ತಿರುಗಿಸಬೇಕು. ಅದು ಅವರಿಬ್ಬರನ್ನು ಬಿಟ್ಟರೆ ಆ ಸೀಮೆಯಲ್ಲಿ ಬೇರೆಯವರಿಗೆ ಗೊತ್ತಿರಲಿಲ್ಲ. ನೋಟಗಾರ ಹಾಗೆಯೇ ಬಟ್ಟೆ ಸುತ್ತಿ ತಿರುಗಿಸಿದ. ನೂರು ವರ್ಷ ಅಲುಗಾಡದ ತಿರುಪು ಹಟ ಮಾಡಬೇಕಿತ್ತು. ಇದು ಸಲೀಸಾಗಿ ತಿರುಗಿತು. ಹೊರಗೆ ತೆಗೆದು ನೋಡಿದರೆ ಅದರ ತಲೆಯ ಅಡಿಯಲ್ಲಿ ಒಂದು ಕೆಂಪು ನೂಲಿನ ಎಳೆ ಸಿಕ್ಕಿಕೊಂಡಿತ್ತು. ಹಿರಿಯ ಬದುಕಿರುವವರೆಗೆ ತಲೆಗೆ ಕೆಂಪು ವಸ್ತ್ರ ಸುತ್ತುತ್ತಿದ್ದ.

ಮರ ಕಳಚಿತು. ಮರದ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಬ್ಬಿಣದ ಮೇಲೆ, ಉಳಿಯಿಂದ ಕೊರೆದ ಅಕ್ಷರಗಳಿದ್ದವು. ಹಡಗಿನಲ್ಲಿ ಬಂದ ಅಕ್ಷರಗಳಲ್ಲ, ಕನ್ನಡ ಅಕ್ಷರಗಳು. “ವೀರಾಚಾರಿ ಮಾಡಿದ್ದು” ಎಂದು ಬರೆದಿತ್ತು.

ಆ ಕಮ್ಮಾರನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಹೊರಗೆಲ್ಲ ಸುಳ್ಳು ಹೇಳಿ, ತಿರುಪು ಬಿಚ್ಚಿದರೆ ಮಾತ್ರ ಕಾಣುವಲ್ಲಿ ನಿಜ ಬರೆದಿಟ್ಟ. ಎಂಟನೆಯ ಎಸಳು ಅವನದಿರಬಹುದು. ಕೈ ತಪ್ಪಿತೋ, ಬೇಕೆಂದೇ ಹಾಕಿದನೋ.

ನೋಟಗಾರ ನೆಲದ ಮೇಲೆ ಕೂತ. ಮೂವತ್ತೊಂದು ವರ್ಷದಲ್ಲಿ ತಾನು ಉಹೂಂ ಎಂದ ಕೋವಿಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಕೋವಿಗಳಿಗಿಂತ ಹೆಚ್ಚಾಗಿ ಅವನ್ನು ತಂದವರ ಮುಖಗಳು ಬಂದವು. ಹಾಗಾದ್ರೆ ನಮ್ಮಜ್ಜ ಸುಳ್ಳು ಹೇಳಿದ್ರಾ ಎಂದು ಕೇಳಿದ ಮುಖ ಬಂತು, ಅದು ಹೋಗಲಿಲ್ಲ. ಎದ್ದು ಪೂಣಚ್ಚನ ಊರಿಗೆ ನಡೆದ.

ಪೂಣಚ್ಚನ ಹೆಂಡತಿ ಅಡುಗೆಮನೆಯಲ್ಲಿದ್ದಳು. ಕೂರಿ ಎಂದಳು. ಅವನು ಕೂರಲಿಲ್ಲ. ಅವರನ್ನು ನೋಡಬೇಕಿತ್ತು ಎಂದ.

“ಅವರು ಹೋಗಿ ವರ್ಷ ಆಯ್ತು” ಎಂದಳು.

ಕೊಡಗಿನಲ್ಲಿ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಆ ಸದ್ದು ಕೇಳಿದವರೆಲ್ಲ ಕೈಯ ಕೆಲಸ ಬಿಟ್ಟು ಬರುತ್ತಾರೆ. ನನಗೆ ಗುಂಡಿನ ಸದ್ದು ಕೇಳಿಸಲಿಲ್ಲವಲ್ಲ ಎಂದು ನೋಟಗಾರ ಕೇಳಿದ.

“ಯಾರಿಗೂ ಕೇಳಿಸಲಿಲ್ಲ. ನಿಮ್ಮಲ್ಲಿಂದ ಬಂದ ಮೇಲೆ ಅವರು ಕೈಲ್ ಮುಹೂರ್ತದ ದಿನ ಆಯುಧಗಳಿಗೆಲ್ಲ ಹೂವಿಟ್ಟರು, ಆ ಕೋವಿಗೆ ಮಾತ್ರ ಇಡಲಿಲ್ಲ. ಅಜ್ಜನ ಹೆಸರು ಮತ್ತೆ ಬಾಯಲ್ಲಿ ಬರಲಿಲ್ಲ. ಸಾಯುವಾಗ, ನಮ್ಮ ಮನೆಯಲ್ಲಿ ಕೋವಿ ಇಲ್ಲ, ನನಗೆ ಬೇರೆಯವರ ಕೋವಿ ತರಬೇಡಿ ಅಂದ್ರು. ಸುಮ್ಮನೆ ಕಳಿಸಿದೆವು.”

ಇಷ್ಟು ಹೇಳಿ ಅವಳು ಒಲೆಯ ಕಡೆ ಬಗ್ಗಿದಳು. ಬೆಂಕಿ ಆರುತ್ತಿತ್ತು. ಒಂದು ಗೇಣುದ್ದದ ಕಬ್ಬಿಣದ ಊದುಗೊಳವೆ ತೆಗೆದುಕೊಂಡು ಊದತೊಡಗಿದಳು. ಕೊಳವೆಯ ಒಂದು ತುದಿಯ ಹತ್ತಿರ ಮಸಿಯ ನಡುವೆ ಒಂದು ಸಣ್ಣ ಹೂವಿತ್ತು. ನೋಟಗಾರ ಎಸಳು ಎಣಿಸಲಿಲ್ಲ. ಎಣಿಸುವ ಅಗತ್ಯವಿರಲಿಲ್ಲ. ಕಮ್ಮಾರನ ಹತ್ತಿರ ನಳಿಗೆ ಕುಯ್ಯಿಸಿದ್ದು ಪೂಣಚ್ಚನೇ.

ನೋಟಗಾರ ಅತ್ತ. ಅಳುತ್ತಲೇ ಗೆದ್ದಲಿನ ವಿಷಯ, ತಿರುಪಿನ ವಿಷಯ, ವೀರಾಚಾರಿಯ ವಿಷಯ ಹೇಳಿದ. ಅವಳು ಊದುವುದು ನಿಲ್ಲಿಸಿ ಪೂರ್ತಿ ಕೇಳಿದಳು. ಕೊನೆಗೆ ಕೇಳಿದ್ದು ಒಂದೇ: “ಹಾಗಾದ್ರೆ ನಮ್ಮದು ಅಸಲಿಯಾ?”

ಇದಕ್ಕಿಂತ ಸುಲಭದ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಹೌದು ಎನ್ನಲು ಬಾಯಿ ತೆರೆದ. ಆದರೆ ಯಾವುದಕ್ಕೆ ಹೋಲಿಸಿ ಹೌದು ಎನ್ನಬೇಕು? ಅಳತೆಗೋಲೇ ಸುಳ್ಳಾದ ಮೇಲೆ ಏಳು ಎಸಳು ನಿಜವೆಂದು ಯಾರು ಹೇಳಿದರು? ಅದನ್ನೂ ಇನ್ನೊಬ್ಬ ಕಮ್ಮಾರ ಮಾಡಿರಬಹುದು.

“ಬೇಡ ಬಿಡಿ” ಎಂದಳು ಅವಳು. “ಒಂದು ಸಲ ಹೇಳಿದ್ದೇ ಸಾಕು.” ಮತ್ತೆ ಬಗ್ಗಿ ಊದಿದಳು. ಅನ್ನ ಇನ್ನೂ ಬೆಂದಿರಲಿಲ್ಲ.

ನೋಟಗಾರ ಮನೆಗೆ ಬಂದು ಇನ್ನು ಯಾರಿಗೂ ಏನೂ ಹೇಳುವುದಿಲ್ಲ ಎಂದುಕೊಂಡ. ಆದರೆ ಜನ ಬಿಡುತ್ತಾರೆಯೇ? ಮರುವಾರವೇ ಒಬ್ಬ ಕೋವಿ ಹಿಡಿದು ಬಂದ. ನನಗೆ ಗೊತ್ತಿಲ್ಲ ಎಂದ ನೋಟಗಾರ. ಬಂದವನ ಮುಖ ಬಾಡಿತು. “ಬಾಯಿಬಿಟ್ಟು ಹೇಳಲು ನಿಮಗೆ ಸಂಕೋಚ. ನಕಲಿ ಅಂತ ತಾನೇ?” ಎಂದು ತಲೆ ತಗ್ಗಿಸಿ ಹೋಗಿಬಿಟ್ಟ. ಇಲ್ಲ, ನಿಲ್ಲು, ನಿಜವಾಗಿಯೂ ಗೊತ್ತಿಲ್ಲ ಎಂದು ನೋಟಗಾರ ಗೇಟಿನವರೆಗೆ ಓಡಿದ. ಅವನು ತಿರುಗಿ ನೋಡಲಿಲ್ಲ. ಹೇಳಿದರೂ ಕೊಂದಂತೆ, ಹೇಳದಿದ್ದರೂ ಕೊಂದಂತೆ ಆಯಿತು ನೋಟಗಾರನ ಪಾಡು.

ಅವನು ಗೆದ್ದಲಿಗೆ ಔಷಧಿ ಹಾಕಿದ. ಮರ ಕೂಡಿಸಿ, ಬಟ್ಟೆ ಸುತ್ತಿದ ತಿರುಪುಳಿಯಿಂದ ತಿರುಪು ಬಿಗಿದ. ಗೀರು ಬೀಳಲಿಲ್ಲ. ಕೋವಿ ಗೋಡೆಯ ನಡುವಿಗೆ ಮರಳಿತು. ಏಳೆಂಟು ವರ್ಷ ಆದಮೇಲೆ ಅವನೂ ಹಾಸಿಗೆ ಹಿಡಿದ. ಅವನ ಬಳಿ ಕಸುಬು ಕಲಿತವನೊಬ್ಬನಿದ್ದ, ಅವನನ್ನು ಕರೆಸಿದ. ಎಲ್ಲವನ್ನೂ ಹೇಳಿಬಿಡಬೇಕು ಎಂದೇ ಕರೆಸಿದ್ದು. ಕಲಿತವನು ಬಂದು ಕಾಲಿಗೆ ಬಿದ್ದ. ಆ ಮುಖದಲ್ಲಿದ್ದ ನಂಬಿಕೆಯನ್ನು ನೋಟಗಾರ ನೋಡಿದ. ಕೋವಿಯನ್ನು ಅವನ ತೊಡೆಯ ಮೇಲಿಟ್ಟ.

“ಇದು ಅಸಲಿ” ಎಂದ. “ಇದರ ತಿರುಪು ಮಾತ್ರ ಬಿಚ್ಚಬೇಡ.”

ಕತೆ ಮುಗಿಯಿತು. ಶಿಷ್ಯನ ಮುಖ ಕೆಂಪಾಗಿತ್ತು.

“ಎಂಥ ಹೇಡಿ!” ಎಂದ ಶಿಷ್ಯ. “ತಿಳಿದೂ ತಿಳಿದೂ ಆ ಸುಳ್ಳನ್ನು ಇನ್ನೊಬ್ಬನ ಕೈಗೆ ಕೊಡಲು ಅವನಿಗೆ ಮನಸ್ಸಾದರೂ ಹೇಗೆ ಬಂತು? ಪುಣ್ಯಕ್ಕೆ ನನಗೆ ನೀವು ಸಿಕ್ಕಿರಿ, ಗುರುಗಳೇ. ನನ್ನ ಅಳತೆ ನಿಮ್ಮ ಮಾತು. ನಾನೇಕೆ ಅನುಮಾನಪಡಲಿ?”

ಗುರುಗಳು ಅವನ ಮುಖದಲ್ಲಿದ್ದ ನಂಬಿಕೆಯನ್ನು ನೋಡಿದರು.

“ಬಿಚ್ಚಬೇಡ ಎಂದು ನನ್ನ ಗುರುಗಳೂ ಹೇಳಿದ್ದರು, ನಾನು ಬಿಚ್ಚಿ ನೋಡಿದ್ದೇನೆ.”