ಕಣ್ಣು ಮುಚ್ಚಿ ಮಾಡಿದ ಬಿಲ್ಲೆಗಳು

ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿನ ಗುರು ವಿರೂಪಯ್ಯನವರು ಹಿಂದೆ ಡಾಕ್ಟರಾಗಿದ್ದವರು. ಈರಭದ್ರ ಅವರ ಶಿಷ್ಯ.

ಆಶ್ರಮದ ಕುಟೀರದಲ್ಲಿ ಮಲಗಿದ್ದ ಈರಭದ್ರನ ತಂಗಿ ತುಂಗೆಗೆ ಐದು ದಿನದಿಂದ ಜ್ವರ. ‘ಇದು ಹೊಸ ವೈರಸ್ಸು, ಇದಕ್ಕೆಂದು ಔಷಧವಿಲ್ಲ, ಮೈಯೇ ಗೆಲ್ಲಬೇಕು’ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

“ಹಿಂದೆಂದೂ ಕಾಣದ ವೈರಿಯನ್ನು ಮೈ ಹೇಗೆ ಗುರುತಿಸುತ್ತದೆ ಗುರುಗಳೇ?”

ಗುರುಗಳು ಮೂರು ಬುಟ್ಟಿ ತೋರಿಸಿದರು. ಮೂರರಲ್ಲೂ ಒಡೆದ ಮಡಕೆಯ ಚೂರುಗಳಿದ್ದವು.

“ಕಣ್ಣು ಮುಚ್ಚಿಕೊಂಡು ಒಂದೊಂದರಿಂದ ಒಂದೊಂದು ಚೂರು ತೆಗೆ. ಹಸಿಮಣ್ಣಿನಿಂದ ಅಂಟಿಸು. ನೂರು ಬಿಲ್ಲೆ ಮಾಡು.”

“ಯಾವ ಆಕಾರದಲ್ಲಿ?”

“ಬಂದ ಆಕಾರದಲ್ಲಿ.”

ಎರಡು ದಿನ ಹಿಡಿಯಿತು. ಚೂರುಗಳು ಬೇರೆ ಬೇರೆ, ನಡುವೆ ಉಬ್ಬಿದ ಮಣ್ಣೂ ಬೇರೆ ಬೇರೆ. ಹೀಗಾಗಿ ಒಂದು ಬಿಲ್ಲೆಯಂತೆ ಇನ್ನೊಂದು ಇರಲಿಲ್ಲ.

“ಈಗ ಒಂದೊಂದನ್ನೂ ಅಂಗೈ ಮೇಲಿಡು. ಕೂರದೆ ಉರುಳುವುದನ್ನು ಬಿಸಾಡು. ಬಿಗಿಯಾಗಿ ಕಚ್ಚುವುದನ್ನೂ ಬಿಸಾಡು. ಮೆಲ್ಲಗೆ ತಾಗಿ ಕೂರುವುದಷ್ಟೇ ಸಾಕು.”

ಈರಭದ್ರ ಹನ್ನೆರಡು ತಂದ.

“ಇಷ್ಟೊಂದು ಉಳಿದವೇ?”

ಅವನು ತಲೆ ತಗ್ಗಿಸಿದ. “ಕಚ್ಚುವುದನ್ನು ಬಿಸಾಡಲು ಮನಸ್ಸಾಗಲಿಲ್ಲ. ಯುದ್ಧಕ್ಕೆ ಇಂಥವೇ ಬೇಕಲ್ಲವೇ?”

ಗುರುಗಳು ಅಂಥದ್ದೊಂದನ್ನು ಅವನ ಎಡಗೈಯಲ್ಲಿಟ್ಟು, ಮುಷ್ಟಿ ಮುಚ್ಚಿ ಅದುಮಿದರು.

“ಅಯ್ಯಯ್ಯೋ!” ಬೆರಳ ಸಂದಿಯಿಂದ ರಕ್ತ ಜಿನುಗಿತು.

“ವೈರಿ ಎಲ್ಲಿದ್ದನಪ್ಪಾ?”

“ಯಾರೂ ಇರಲಿಲ್ಲ. ನನ್ನ ಕೈಯಷ್ಟೇ.”

“ಹ್ಞೂಂ.”

ಈರಭದ್ರ ಒಂಬತ್ತನ್ನು ತಾನೇ ಒಡೆದು ಹಾಕಿದ. ಮೂರು ಉಳಿದವು.

“ಎದೆಯ ಮೂಳೆಯ ಹಿಂದೆ ಥೈಮಸ್ ಅಂತ ಒಂದು ಪುಟ್ಟ ಗ್ರಂಥಿಯಿದೆ. ಮೈ ಕಾಯುವ ಟಿ ಕೋಶಗಳಿಗೆ ಅಲ್ಲಿ ಇದೇ ಪರೀಕ್ಷೆ,” ಎಂದರು ಗುರುಗಳು. “ಮುಕ್ಕಾಲು ಪಾಲಿಗಿಂತ ಹೆಚ್ಚು ಫೇಲು.”

“ಪಾಸಾದವಕ್ಕೆ ಏನು ಕೆಲಸ?”

ಗುರುಗಳು ನದಿಯಿಂದ ಚಿಪ್ಪಿನ ಚೂರೊಂದನ್ನು ಹೆಕ್ಕಿ ಅವನ ಬಲ ಅಂಗೈಯಲ್ಲಿಟ್ಟರು.

“ವೈರಿ ಹೊಕ್ಕ ಜೀವಕೋಶ ಅವನದೊಂದು ಚೂರನ್ನು ಹೀಗೆ ಅಂಗೈಯಲ್ಲಿ ಹಿಡಿದು ತೋರಿಸುತ್ತದೆ. ಟಿ ಕೋಶ ಇಡೀ ವೈರಿಯನ್ನು ನೋಡುವುದಿಲ್ಲ. ಅಂಗೈಯನ್ನೂ ಚೂರನ್ನೂ ಒಟ್ಟಿಗೆ ಮುಟ್ಟಿ ನೋಡುತ್ತದೆ. ನೀನೂ ನೋಡು.”

ಮೊದಲ ಬಿಲ್ಲೆ ಜಾರಿತು. ಎರಡನೆಯದೂ ಜಾರಿತು. ಮೂರನೆಯದು ಚಿಪ್ಪಿನ ಮೇಲೆ ಕಟಕ್ಕೆಂದು ಕೂತಿತು. ಕೈ ಅಲುಗಿಸಿದರೂ ಬೀಳಲಿಲ್ಲ.

“ಇದನ್ನು ಮಾಡುವಾಗ ನಾನು ಈ ಚಿಪ್ಪನ್ನು ಕಂಡೇ ಇರಲಿಲ್ಲ!”

“ಮೈಯಲ್ಲೂ ಅಷ್ಟೇ. ಟಿ ಕೋಶಗಳ ಕೈಗಳೂ ವೈರಿಯನ್ನು ಕಾಣುವ ಮೊದಲೇ ಹೀಗೆ ಕಣ್ಣು ಮುಚ್ಚಿ ಚೂರು ಕೂಡಿಸಿ ಆದವು. ಹೊಂದುವ ಕೋಶ ಒಂದು ಸಿಕ್ಕಿತೆಂದರೆ ಅದೇ ಸಾವಿರವಾಗುತ್ತದೆ, ಲಕ್ಷವಾಗುತ್ತದೆ, ವೈರಿ ಹೊಕ್ಕ ಕೋಶಗಳನ್ನು ಹುಡುಕಿ ಕೊಲ್ಲುತ್ತದೆ. ಅದಕ್ಕೊಂದು ವಾರವಾದರೂ ಬೇಕು. ತುಂಗೆಗೆ ಜ್ವರ ಬಂದು ಇವತ್ತಿಗೆ ಎಷ್ಟು ದಿನ?”

“ಏಳು…”

ಅಷ್ಟರಲ್ಲಿ ಕುಟೀರದಿಂದ ಕೂಗು ಕೇಳಿತು. “ಅಣ್ಣಾ! ಹೊಟ್ಟೆ ಹಸೀತಿದೆ! ಮತ್ತೆ ಗಂಜಿ ತಂದ್ರೆ ನಿನ್ನ ತಲೆ ಮೇಲೇ ಸುರೀತೀನಿ!”

ಈರಭದ್ರ ಓಡಿದ. ಹಣೆ ಮುಟ್ಟಿ ನೋಡಿದ. ಬೆವೆತು ತಣ್ಣಗಾಗಿತ್ತು. ನಕ್ಕ, ಅತ್ತ, ರೊಟ್ಟಿ ಕೊಟ್ಟ.

ತಿರುಗಿ ಬಂದು ಗುರುಗಳ ಪಕ್ಕ ಕುಳಿತ. ಸುತ್ತ ಒಡೆದ ಬಿಲ್ಲೆಗಳು ಹರಡಿದ್ದವು.

“ಇದೇ ಚಿಪ್ಪು ಬರುತ್ತದೆಂದು ಮೊದಲೇ ಗೊತ್ತಿದ್ದರೆ ಒಂದೇ ಬಿಲ್ಲೆ ಮಾಡಿದ್ದರೆ ಸಾಕಿತ್ತು, ಗುರುಗಳೇ.”

ಗುರುಗಳು ಖಾಲಿ ಬುಟ್ಟಿಗಳನ್ನು ಅವನ ಮುಂದೆ ಸರಿಸಿದರು.

“ನಾಳೆಯ ಚಿಪ್ಪು ಯಾವುದಪ್ಪಾ?”