ನಾಲ್ಕನೆಯ ಕಲ್ಲು

ಪೂಜ್ಯ ಹಾಲವ್ವ ತಾಯಿಯವರು ಕರಡಿಗುಡ್ಡದ ಮುರುಕು ಮಂಟಪದಲ್ಲಿ ಇರ್ತಿದ್ದರು. ಆಸ್ತಿ ಅಂದರೆ ಒಂದು ಮಣ್ಣಿನ ಗಡಿಗೆ, ಮೂರು ಕಲ್ಲಿನ ಒಲೆ. ಆ ಗಡಿಗೆಯ ಅಂಬಲಿಯ ಘಮಕ್ಕೆ ಹಾರೋ ಹದ್ದು ರೆಕ್ಕೆ ಬಡಿಯೋದನ್ನು ಮರೆತು ಆಕಾಶದಲ್ಲೇ ನಿಲ್ತಿತ್ತು. ಕರಡಿಗಳು ಸಾಲಾಗಿ ಕೂತು ಉಂಡು, ಮೂತಿ ಒರೆಸಿಕೊಂಡು, ಕೈಮುಗಿದು ಹೋಗ್ತಿದ್ದವು.

ಒಂದು ಬೆಳಗ್ಗೆ ಕಂಬಳಿ ನೇಯುವ ಮಾಳಪ್ಪ ಗುಡ್ಡ ಹತ್ತಿ ಬಂದ. ಹಿಂದೆ ಹೆಂಡತಿ ಹೊನ್ನವ್ವ, ಅವಳ ಮಡಿಲಲ್ಲಿ ಹಸುಗೂಸು. ಮಾಳಪ್ಪನಿಗೆ ಮೂರು ಅಂದರೆ ಎದೆ ಡವಡವ. ತಟ್ಟೆಗೆ ಮೂರು ರೊಟ್ಟಿ ಬಿದ್ದರೆ, ಹೊಟ್ಟೆ ಬಿರಿಯುವಂತಿದ್ದರೂ ನಾಲ್ಕನೆಯದು ಹಾಕಿಸಿಕೊಳ್ತಿದ್ದ. ಅಂಥವನಿಗೆ ಈಗ ಮೂರನೆಯ ಹೆಣ್ಣು ಹುಟ್ಟಿತ್ತು. ಅವತ್ತೂ ಹೊರಟವರು ಮೂವರಾದರಲ್ಲ ಅಂತ, ದಾರಿಯಲ್ಲಿ ಕಲ್ಲೊಂದನ್ನು ಎತ್ತಿಕೊಂಡು, ಅದೇ ನಾಲ್ಕನೆಯವ ಅಂತ ಲೆಕ್ಕ ಹಿಡಿದು ಬಂದಿದ್ದ.

"ಯವ್ವಾ, ಈ ಕೂಸು ನಿಮ್ಮ ಪಾದಕ್ಕಿರಲಿ. ಮೂರನೇದು ಮನಿಗೆ ಬ್ಯಾಡ," ಅಂದ. ಹೊನ್ನವ್ವ ಕೂಸನ್ನು ತಾಯಿಯವರ ಪಾದದ ಬಳಿ ಮಲಗಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತಾಯಿಯವರು ಅವನ ಕೈ ನೋಡಿದರು. "ಅದೇನೋ ತಮ್ಮಾ?"

"ನಾಲ್ಕನೇದ್ರೀ."

"ಹಂಗಾರ ನನ್ನ ಒಲಿಗೂ ಒಂದು ನಾಲ್ಕನೇದು ಬೇಕಲ್ಲ. ಇಡು."

ಮಾಳಪ್ಪ ಗಡಿಗೆ ಇಳಿಸಿ, ಕಲ್ಲು ಸೇರಿಸಿ, ಮತ್ತೆ ಕೂರಿಸಿದ. ಈ ಕಡೆ ವಾಲಿತು. ಸರಿಮಾಡಿದ, ಆ ಕಡೆ ವಾಲಿತು. ಯಾವ ಕಲ್ಲು ಸರಿಸಿದರೂ ಮೂರರ ಮೇಲೆ ಭಾರ, ಒಂದು ಪುಕ್ಕಟೆ. ಅಂಬಲಿ ಚೆಲ್ಲಿ ಕೈ ಸುಟ್ಟಿತು.

"ಒಂದು ಗಡಿಗಿ ನಿಂದ್ರಸಾಕ ಬರೂದಿಲ್ಲ, ಮಕ್ಕಳ ಲೆಕ್ಕ ಮಾಡ್ತಾನ," ಅಂದಳು ಹೊನ್ನವ್ವ, ಅಳುತ್ತಲೇ.

ನಾಲ್ಕನೆಯದನ್ನು ಕಿತ್ತೆಸೆದ. ಗಡಿಗೆ ಗಟ್ಟಿಯಾಗಿ ಕೂತಿತು. ಇದೇನು ಮಾಟ ಅಂತ ಮಾಳಪ್ಪನಿಗೆ ಹುಚ್ಚು ಹಿಡಿಯಿತು. ಒಂದು ಕಲ್ಲು ಎತ್ತರದ್ದಿಟ್ಟ, ಒಂದು ಗಿಡ್ಡದ್ದಿಟ್ಟ. ಗಡಿಗೆ ಕೊಂಚ ಓರೆಯಾಯಿತು, ಕುಲುಕಲಿಲ್ಲ. ಎರಡೇ ಇಟ್ಟು ನೋಡಿದ. ಹೊನ್ನವ್ವ ಹಿಡಿಯದಿದ್ದರೆ ಗಡಿಗೆ ಚೂರಾಗ್ತಿತ್ತು. ಬೆಳಗ್ಗೆಯಿಂದ ಸಂಜೆವರೆಗೂ ನಡೆದ ಈ ಆಟ ನೋಡ್ತಾ ಸೂರ್ಯನೇ ಮುಳುಗೋದನ್ನು ಮರೆತು ಎರಡು ತಾಸು ತಡಮಾಡಿದ.

ಆಗ ತಾಯಿಯವರು ಅಂದರು: "ಮನ್ಯಾಗ ಎರಡದಾವಲ್ಲೋ. ಈಕಿ ನಿಂದ್ರಸಾಕ ಬಂದಾಳ, ಕೆಡವಾಕಲ್ಲ."

ಮಾಳಪ್ಪ ಬಗ್ಗಿ ಕೂಸನ್ನು ಎತ್ತಿಕೊಂಡ. ಹುಟ್ಟಿದ ಮೇಲೆ ಅದೇ ಮೊದಲು.

"ಹೆಸರಿಡ್ರಿ ಯವ್ವಾ."

"ಅಪ್ಪ ನೀನು. ನೀನ ಇಡು."

ಕೂಸಿನ ಕಿವಿಗೆ ಬಾಯಿಟ್ಟು "ಹಾಲವ್ವಾ" ಅಂದ. ಹೆಸರು ಮೂರು ಸಲ ಹೇಳೋದು ಪದ್ಧತಿ. ಇನ್ನೊಮ್ಮೆ ಅಂದ. ಅಲ್ಲಿಗೆ ತಡೆದು ಹೆಂಡತಿಯ ಮುಖ ನೋಡಿದ. ಆಮೇಲೆ ತಲೆಯೆತ್ತಿ, ಮೂರನೆಯ ಸಲ, ಏಳೂರಿಗೆ ಕೇಳುವ ಹಾಗೆ ಕೂಗಿದ.