ಮಡಿಸಿದ ತೋಳು

“ಗುರುಗಳೇ, ಪಂದ್ಯದಲ್ಲಿ ಆಡುವುದು ಮಗುವೋ, ಮಗು ಹಾಕಿಕೊಂಡ ಬಟ್ಟೆಯೋ?”

ರುದ್ರಮುನಿ ಚಪ್ಪಲಿ ಬಿಟ್ಟು ಒಳಗೆ ಬಂದವನು ಕೂರುವ ಮೊದಲೇ ಈ ಪ್ರಶ್ನೆ ಕೇಳಿದ. ಅವನ ಕೈಯಲ್ಲಿ ಮೂರು ಹಾಳೆಯ ದೂರಿನ ಅರ್ಜಿ ಇತ್ತು. ಇಪ್ಪತ್ತು ವರ್ಷದ ಹಿಂದೆ ಅವನಿಗೆ ಕರಾಟೆ ಕಲಿಸಿದ ಗುರುಗಳು ಇವರು. ಈಗ ಅವನೇ ಊರಿನ ಮಕ್ಕಳಿಗೆ ಕಲಿಸುತ್ತಿದ್ದ. ಅರ್ಜಿಯ ಕೆಳಗೆ ಗುರುಗಳ ಸಹಿ ಬಿದ್ದರೆ ಜಿಲ್ಲಾ ಸಂಘದವರು ಅದನ್ನು ಮೂಲೆಗೆ ಎಸೆಯಲಾರರು ಎಂಬುದು ಅವನ ಲೆಕ್ಕಾಚಾರ.

“ಕೂತುಕೋ. ಏನಾಯಿತು ಹೇಳು,” ಎಂದರು ಗುರುಗಳು.

ಅವನು ಹೇಳಿದ. ಹಿಂದಿನ ದಿನ ಜಿಲ್ಲಾ ಮಟ್ಟದ ಪಂದ್ಯ. ಅವನ ಶಿಷ್ಯೆ ಇಂಚರ, ಹದಿಮೂರು ವರ್ಷದವಳು, ಎದುರಾಳಿಯಿಲ್ಲದೆ ಒಬ್ಬರೇ ಮಾಡಿ ತೋರಿಸುವ ವರಸೆಗೆ, ದಿನವೂ ತರಗತಿಗೆ ಹಾಕಿಕೊಂಡು ಬರುವ ಉಡುಪಿನಲ್ಲೇ ಕಣಕ್ಕಿಳಿದಿದ್ದಳು. ಮೊದಲ ಹೆಜ್ಜೆ ಇಡುವ ಮುಂಚೆಯೇ ತೀರ್ಪುಗಾರ ಕೈಯೆತ್ತಿದ. ಅಂಗಿಯ ತೋಳು ಮಡಿಸಿಕೊಂಡು ಆಡುವಂತಿಲ್ಲ ಎಂದ. ಮಡಿಕೆ ಬಿಚ್ಚಿದರೆ ತೋಳು ಬೆರಳ ತುದಿಯವರೆಗೆ ಇಳಿಯಿತು. ಅದೂ ನಡೆಯುವುದಿಲ್ಲ, ತೋಳು ಮಣಿಕಟ್ಟು ದಾಟಬಾರದು ಎಂದ. ಬದಲಾಯಿಸಿಕೊಂಡು ಬರಲು ಒಂದು ನಿಮಿಷ ಕೊಟ್ಟ. ಒಂದು ನಿಮಿಷದಲ್ಲಿ ಬೇರೆ ಉಡುಪು ಎಲ್ಲಿಂದ ಬರಬೇಕು? ಹುಡುಗಿಯನ್ನು ಪಂದ್ಯದಿಂದ ಹೊರಗಿಟ್ಟರು. ಅವಳು ಅಳಲಿಲ್ಲ. ಉಡುಪನ್ನು ಚೀಲಕ್ಕೆ ತುರುಕಿ, “ನಾಳೆಯಿಂದ ನಾನು ಬರಲ್ಲ ಸರ್,” ಅಂದಳು. ಹೇಳಿದಂತೆಯೇ ಈ ಬೆಳಿಗ್ಗೆ ತರಗತಿಗೆ ಬಂದಿರಲಿಲ್ಲ.

“ಆ ಮನುಷ್ಯನಿಗೆ ಕಣ್ಣಿಲ್ಲವೇ ಗುರುಗಳೇ? ಅವಳ ಒಂದೇ ಒಂದು ಒದೆ ನೋಡಿದ್ದರೆ ಸಾಕಿತ್ತು. ಬಟ್ಟೆ ಅಂಗಡಿಯಲ್ಲಿ ಟೇಪು ಹಿಡಿದು ನಿಲ್ಲಬೇಕಾದವನನ್ನು ತಂದು ತೀರ್ಪುಗಾರ ಮಾಡಿದ್ದಾರೆ. ನಾಲ್ಕು ವರ್ಷ ನಾನು ಬೆವರು ಸುರಿಸಿ ಬೆಳೆಸಿದ ಹುಡುಗಿ ಅವಳು. ಇವನನ್ನು ಆ ಕುರ್ಚಿಯಿಂದ ಇಳಿಸದೆ ನಾನು ಬಿಡುವವನಲ್ಲ. ನೀವು ಸಹಿ ಹಾಕಿ.”

ಗುರುಗಳು ಮೂರು ಹಾಳೆಗಳನ್ನೂ ಓದಿದರು. ಮೂರರಲ್ಲೂ ತೀರ್ಪುಗಾರನ ಹೆಸರಿತ್ತು. ಓದಿ ಮುಗಿಸಿ ಪಕ್ಕಕ್ಕಿಟ್ಟರು.

“ಒಂದು ಕತೆ ಹೇಳುತ್ತೇನೆ. ಆಮೇಲೂ ಸಹಿ ಬೇಕೆಂದರೆ ಹಾಕುತ್ತೇನೆ.”

ರುದ್ರಮುನಿಗೆ ಕತೆ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಸಹಿ. ಆದರೂ ಗುರುಗಳ ಎದುರು ಎದ್ದು ಹೋಗುವುದು ಹೇಗೆ? ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕರಾಟೆ ಗುರು ಇದ್ದ. ಅವನ ಬಳಿ ನಲವತ್ತು ಮಕ್ಕಳು ಕಲಿಯುತ್ತಿದ್ದರು. ಶಿಸ್ತು ಎಂದರೆ ಅವನಿಗೆ ಪ್ರಾಣ. ಸಾಲಿನಲ್ಲಿ ನಿಂತ ಮೇಲೆ ಮಕ್ಕಳು ಗುರುವಿಗೆ ಹೇಳಬಹುದಾದ ಮಾತು ಒಂದೇ, ‘ಓಸ್’. ಹೌದು ಎನ್ನುವುದಕ್ಕೂ ಓಸ್, ತಪ್ಪಾಯಿತು ಎನ್ನುವುದಕ್ಕೂ ಓಸ್, ಕಾಲು ಉಳುಕಿದೆ ಎನ್ನುವುದಕ್ಕೂ ಓಸ್.

ಅಲ್ಲಿಗೆ ಒಬ್ಬ ಹುಡುಗಿ ಸೇರಿದಳು. ತಾಯಿ ಅವಳಿಗೆ ಉಡುಪು ಕೊಡಿಸಿದಳು. ಬೆಳೆಯುವ ಮಗು, ಮೂರು ವರ್ಷವಾದರೂ ಬರಲಿ ಎಂದು ಎರಡು ಅಳತೆ ದೊಡ್ಡದನ್ನೇ ಆರಿಸಿದಳು. ಒಗೆದರೆ ಕುಗ್ಗುತ್ತದೆ ಎಂದ ಅಂಗಡಿಯವನು. ಅದು ಅಪ್ಪಟ ಹತ್ತಿಯಾಗಿದ್ದರೆ ಕುಗ್ಗುತ್ತಿತ್ತು. ಅರ್ಧಕ್ಕರ್ಧ ಪಾಲಿಯೆಸ್ಟರು. ಐದು ಸಲ ಒಗೆದರೂ ಬೆರಳಗಲ ಕುಗ್ಗಲಿಲ್ಲ. “ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ ಪುಟ್ಟಿ,” ಎಂದಳು ತಾಯಿ.

ಹುಡುಗಿ ಅಡ್ಜಸ್ಟ್ ಮಾಡಿಕೊಂಡಳು. ತೋಳನ್ನು ಎರಡು ಸುತ್ತು ಮಡಿಸಿದಳು. ಎರಡು ಗುದ್ದು ಹಾಕುವವರೆಗೆ ಮಡಿಕೆ ನಿಲ್ಲುತ್ತಿತ್ತು, ಮೂರನೆಯದಕ್ಕೆ ಬಿಚ್ಚಿಕೊಂಡು ಮುಷ್ಟಿಯನ್ನೇ ಮುಚ್ಚುತ್ತಿತ್ತು. ಹಾಗಾಗದಿರಲಿ ಎಂದು ಅವಳೊಂದು ಉಪಾಯ ಕಂಡುಕೊಂಡಳು. ಪ್ರತಿ ಗುದ್ದಿನ ಕೊನೆಯಲ್ಲಿ ಮಣಿಕಟ್ಟನ್ನು ಒಳಕ್ಕೆ ಒಮ್ಮೆ ನುಲಿದು, ಚೂರು ಹಿಂದಕ್ಕೆ ಎಳೆದುಕೊಳ್ಳುವುದು. ತೋಳು ಮೇಲೆ ಸರಿಯುತ್ತಿತ್ತು.

ಗುರುವಿಗೆ ಆ ನುಲಿತ ಕಂಡಿತು. ಗುದ್ದು ಎಂದರೆ ಹೋದಲ್ಲಿ ಕಲ್ಲಿನಂತೆ ನಿಲ್ಲಬೇಕು. ಇವಳದು ಕೊನೆಯಲ್ಲಿ ಅಲ್ಲಾಡುತ್ತದೆ.

“ಏನಮ್ಮಾ, ಗುದ್ದೋಕೆ ಬಂದಿದ್ದೀಯೋ, ಬಳೆ ಸರಿ ಮಾಡ್ಕೊಳ್ಳೋಕೆ ಬಂದಿದ್ದೀಯೋ?” ಎಂದ. ಸಾಲೆಲ್ಲ ನಕ್ಕಿತು. 

“ಓಸ್,” ಎಂದಳು ಹುಡುಗಿ.

“ಐವತ್ತು ಬಸ್ಕಿ.”

ಇಲ್ಲಿ ರುದ್ರಮುನಿಗೂ ನಗು ಬಂತು. ಇಂಥ ಮಾತು ಅವನೂ ತರಗತಿಯಲ್ಲಿ ಆಡಿದವನೇ. ಗುರುಗಳು ನಗಲಿಲ್ಲ, ಕತೆ ಮುಂದುವರಿಸಿದರು.

ಅವತ್ತು ಐವತ್ತು, ಮರುದಿನ ಐವತ್ತು. ಹೀಗೆ ಒಂದು ವರ್ಷ. ಹುಡುಗಿ ಬಸ್ಕಿ ಹೊಡೆದಳು, ತೋಳು ಏರಿಸಿದಳು. ಉಳಿದ ಎಲ್ಲದರಲ್ಲೂ ಅವಳು ಬಲು ಚುರುಕು. ನಿಲುವು ಗಟ್ಟಿ, ಒದೆ ಎತ್ತರ. ದಿನವೂ ನೋಡಿ ನೋಡಿ ಆ ನುಲಿತ ಗುರುವಿನ ಕಣ್ಣಿಗೆ ಬೀಳುವುದೇ ನಿಂತಿತು. ಎರಡನೆಯ ವರ್ಷ ಅವಳನ್ನು ಸಾಲಿನ ಮುಂದೆ ನಿಲ್ಲಿಸಿದ. ಚಿಕ್ಕ ಮಕ್ಕಳು ಅವಳನ್ನು ನೋಡಿ ಕಲಿಯತೊಡಗಿದರು.

ಒಂದು ದಿನ ಊರಿನ ದರ್ಜಿ ವಾರ್ಷಿಕೋತ್ಸವಕ್ಕೆ ಹೊಲಿದ ಬ್ಯಾನರ್ ಕೊಡಲು ಬಂದ. ಬಾಗಿಲಲ್ಲಿ ನಿಂತು ಮಕ್ಕಳ ಗುದ್ದು ನೋಡಿದ. ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದ. ಗುರುವಿಗೆ ರೇಗಿತು.

“ಯಾಕ್ರೀ, ಏನು ತಮಾಷೆ ಕಾಣಿಸ್ತು ಇಲ್ಲಿ?”

“ತಪ್ಪು ತಿಳ್ಕೋಬೇಡಿ ಸ್ವಾಮಿ. ಮುಂದೆ ನಿಂತಿರೋ ಹುಡುಗಿ ತೋಳು ಉದ್ದ, ಪಾಪ, ಏರಿಸ್ಕೋತಾಳೆ. ಹಿಂದಿನವರದ್ದೆಲ್ಲ ಸರಿಯಾಗೇ ಇದೆ. ಅವರು ಏನನ್ನ ಏರಿಸ್ಕೋತಿದ್ದಾರೆ ಅಂತ.”

ಗುರು ತಿರುಗಿ ನೋಡಿದ. ಅಷ್ಟೂ ಮಕ್ಕಳ ಮಣಿಕಟ್ಟು ಒಟ್ಟಿಗೆ ನುಲಿಯುತ್ತಿತ್ತು. ಒಟ್ಟಿಗೆ ಹಿಂದಕ್ಕೆ ಬರುತ್ತಿತ್ತು.

ಅವನಿಗೆ ಬಂದ ಕೋಪ ಅಷ್ಟಿಷ್ಟಲ್ಲ. ಹುಡುಗಿಯ ತಾಯಿಯನ್ನು ಕರೆಸಿ ಎಲ್ಲರೆದುರು ಬೈದ. ಮಗಳಿಗೆ ಉಡುಪು ತಂದಿರೋ, ಕಿಟಕಿಗೆ ಪರದೆ ತಂದಿರೋ ಎಂದ. ಅಂಗಡಿಗೆ ಹೋಗಿ ಅಂಗಡಿಯವನ ಮೇಲೂ ಹಾರಾಡಿ ಬಂದ. ಬೈದು ಸುಸ್ತಾದ ಮೇಲೆ, ಹೊಸದು ಹೊಲಿದುಕೊಡು ಎಂದು ದರ್ಜಿಗೆ ಹೇಳಿದ.

ದರ್ಜಿ ಮೊದಲು ದಪ್ಪ ಹತ್ತಿಯ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ ಒಣಗಿಸಿದ. ಕುಗ್ಗುವುದೆಲ್ಲ ಕತ್ತರಿ ಹಾಕುವ ಮುಂಚೆಯೇ ಕುಗ್ಗಲಿ ಎಂದ. ಆಮೇಲೆ ಹುಡುಗಿಯನ್ನು ಕರೆದು ಕಾಲು ಅಗಲಿಸಿ ಕೂರಿಸಿದ, ಒದೆಸಿದ, ಎರಡೂ ಕೈ ಮೇಲೆತ್ತಿಸಿದ. ನಿಂತಾಗ ಮಾತ್ರ ಅಳತೆ ತೆಗೆದರೆ ಅದು ಫೋಟೋಗೆ ನಿಲ್ಲೋ ಬಟ್ಟೆ ಆಗುತ್ತೆ ಅಂದ. ತೋಳನ್ನು ಮಣಿಕಟ್ಟಿಗಿಂತ ಎರಡು ಬೆರಳು ಮೇಲಕ್ಕೆ ನಿಲ್ಲಿಸಿದ. ಷರಾಯಿಯನ್ನು ಪಾದದ ಗಂಟಿನ ಮೇಲಕ್ಕೆ, ಅಂಗಿಯನ್ನು ಸೊಂಟ ಮುಚ್ಚುವಷ್ಟಕ್ಕೆ. ವರಸೆಗೆ ಈ ದಪ್ಪ ಬಟ್ಟೆ ಒಳ್ಳೆಯದು, ಎದುರಾಳಿಯ ಜೊತೆ ಆಡುವಾಗ ಹಗುರದ್ದು ಬೇಕು, ಅದು ಬೇಕಾದಾಗ ಹೇಳಮ್ಮ ಎಂದ. ಅಷ್ಟು ಹೊತ್ತೂ ಅವನು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ. “ಎಲ್ಲಿ ಹಿಡಿಯುತ್ತೆ ಮಗಾ?” ಹುಡುಗಿ ಮೊದಲು ಓಸ್ ಎಂದಳು. ಅದು ನನಗೆ ಅರ್ಥವಾಗಲ್ಲ, ಬಾಯಿಬಿಟ್ಟು ಹೇಳು ಎಂದ. ಭುಜದ ಹತ್ತಿರ ಎಂದಳು. ಅವನು ಭುಜದಲ್ಲಿ ಅರ್ಧ ಇಂಚು ಬಿಟ್ಟ.

ಮುಂದಿನ ವಾರ ಹುಡುಗಿ ಹೊಸ ಉಡುಪು ಹಾಕಿಕೊಂಡು ಬಂದಳು. ಕೈಗೆ ಕೈಯಂತೆ, ಕಾಲಿಗೆ ಕಾಲಿನಂತೆ ಕೂತಿತ್ತು.

“ಹೂಂ, ಈಗ ಗುದ್ದು,” ಎಂದ ಗುರು.

ಗುದ್ದಿದಳು. ಮಣಿಕಟ್ಟು ನುಲಿಯಿತು. ಇನ್ನೊಮ್ಮೆ ಗುದ್ದಿದಳು. ಮತ್ತೆ ನುಲಿಯಿತು.

“ಈಗೇನು ಬಂತು ನಿನಗೆ? ತೋಳು ಸರಿಯಾಗಿದೆಯಲ್ಲ?”

ಹುಡುಗಿ ಆ ಸಾಲಿನಲ್ಲಿ ನಿಂತು ಮೊದಲ ಸಲ ಬಾಯಿ ತೆರೆದಳು. “ಕೈ ಈಗ ನನ್ನ ಮಾತು ಕೇಳಲ್ಲ ಸರ್. ಯಾಕೆ ಹಾಗೆ ಮಾಡ್ತೀಯಾ ಅಂತ ನೀವು ಒಂದ್ಸಲ ಕೇಳಿದ್ದಿದ್ರೆ ಅವತ್ತೇ ಹೇಳ್ತಿದ್ದೆ.”

ಸಾಲಿನಲ್ಲಿ ಮಾತಾಡಿದ್ದಕ್ಕೆ ಗುರು ಅವಳಿಗೆ ಐವತ್ತು ಬಸ್ಕಿ ಹೇಳಿದ. ಅವಳು ಐವತ್ತನ್ನೂ ಹೊಡೆದಳು. ತಲೆಬಾಗಿ ನಮಸ್ಕಾರ ಮಾಡಿದಳು. ಮತ್ತೆ ಆ ಕಡೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ರುದ್ರಮುನಿಗೆ ತಡೆಯಲಾಗಲಿಲ್ಲ. “ಅದಕ್ಕೂ ಬಸ್ಕಿ ಹೊಡೆಸಿದನೇ? ಎಂಥ ಮನುಷ್ಯ ಗುರುಗಳೇ ಅವನು? ತಾಯಿಗೆ ಬೈದ, ಅಂಗಡಿಯವನಿಗೆ ಬೈದ, ಕೊನೆಗೂ ಶಿಕ್ಷೆ ಕೊಟ್ಟದ್ದು ಆ ಮಗುವಿಗೇ. ಅಂಥವನ ಮೇಲೆ ಒಂದು ದೂರು ಬರೆಯುವವರು ಆ ಊರಲ್ಲಿ ಯಾರೂ ಇರಲಿಲ್ಲವೇ?”

“ಇರಲಿಲ್ಲ,” ಎಂದರು ಗುರುಗಳು. “ಎಲ್ಲರೂ ಅವನಿಗೆ ಓಸ್ ಎನ್ನುತ್ತಿದ್ದರು.”

ಅವರು ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡರು. ಪೆನ್ನಿಗಾಗಿ ಕೈ ಚಾಚಿದರು. ರುದ್ರಮುನಿ ಜೇಬಿನಿಂದ ತೆಗೆದು, ಮುಚ್ಚಳ ಬಿಚ್ಚಿ ಕೊಟ್ಟ. ಗುರುಗಳು ಕೊನೆಯ ಹಾಳೆಯ ಕೆಳಗೆ ಪೆನ್ನಿನ ಮೊನೆ ಊರಿ, ತಲೆಯೆತ್ತದೆ ಕೇಳಿದರು.

“ತೀರ್ಪುಗಾರ ಇಂಚರಳ ತೋಳನ್ನು ಕಂಡದ್ದು ಒಂದು ನಿಮಿಷದಲ್ಲಿ, ನೀನು ಕಾಣದೆ ಇದ್ದದ್ದು ಎಷ್ಟು ವರ್ಷ?”